ಒಮ್ರಾನ್ 7120 ಬಿಪಿ ಮಷಿನ್: ವಯಸ್ಸಾದವರಿರುವ ಮನೆಗೆ ಇಷ್ಟು ಸಾಕಾ?

ಸಾಕು. ಆದರೆ ತೋಳಿನ ಸುತ್ತಳತೆ ನೋಡದೆ ತಂದರೆ ದುಡ್ಡು ದಂಡ. ಇದರ ತೋಳಿಗೆ ಸುತ್ತುವ ಪಟ್ಟಿ (ಕಫ್) 22ರಿಂದ 32 ಸೆಂ.ಮೀ. ಸುತ್ತಳತೆಯ ತೋಳಿಗೆ ಮಾತ್ರ. ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರದ ಮೆಡಿಕಲ್ ಶಾಪಿಗೆ ಹೊರಡುವ ಮೊದಲೇ ಟೈಲರ್ ಟೇಪು ಹಿಡಿದು, ಭುಜಕ್ಕೂ ಮೊಣಕೈಗೂ ನಟ್ಟನಡುವೆ ಅಳೆದುಕೊಳ್ಳಿ. 35 ಸೆಂ.ಮೀ. ತೋಳಿಗೆ ಈ ಪಟ್ಟಿ ಬಿಗಿದರೆ ಇಲ್ಲದ ಬಿಪಿ ಕಾಣುತ್ತದೆ. ಬಡಕಲು ತೋಳಿಗೆ ಸಡಿಲವಾಗಿ ಸುತ್ತಿದರೂ ಅಂಕಿ ನಂಬುವಂತಿರುವುದಿಲ್ಲ. ಅಂಥವರು ತಮ್ಮ ಅಳತೆಯ ಪಟ್ಟಿ ಇರುವ ಮಾಡೆಲ್ ಕೇಳಬೇಕು. ಮಣಿಕಟ್ಟಿನ ಮಷಿನ್ ಬೇಡ, ಕೈ ಸ್ವಲ್ಪ ಮೇಲೆ ಕೆಳಗೆ ಆದರೂ ಲೆಕ್ಕ ತಪ್ಪುತ್ತದೆ.

ನಾಲ್ಕು ಎಎ ಸೆಲ್ಲು, ಒಂದೇ ಗುಂಡಿ, ದಪ್ಪ ಅಂಕಿ. ಬಳಕೆ ಸುಲಭ. ತಪ್ಪಾಗುವುದೆಲ್ಲ ಕೂರುವ ರೀತಿಯಲ್ಲಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆನಿಕೆ ಇರುವ ಕುರ್ಚಿಯಲ್ಲಿ ಪಾದ ನೆಲಕ್ಕೂರಿ 5 ನಿಮಿಷ ಸುಮ್ಮನಿರಬೇಕು. ಪಟ್ಟಿಯ ಕೆಳಅಂಚು ಮೊಣಕೈ ಮಡಿಕೆಗಿಂತ ಎರಡು ಬೆರಳು ಮೇಲಿರಲಿ, ಬರಿ ತೋಳಿಗೆ ಸುತ್ತಿ. ಕೈಯನ್ನು ಎದೆಮಟ್ಟದಲ್ಲಿ ಮೇಜಿನ ಮೇಲಿಡಿ, 10 ಸೆಂ.ಮೀ. ಕೆಳಗೆ ಜೋತರೆ ಅಂಕಿ ಸುಮಾರು 7-8 ಏರುತ್ತದೆ. ಪಕ್ಕದಲ್ಲಿ ಕೂತು ಯಾರೂ ಮಾತಾಡಿಸಬಾರದು. ಒಂದು ನಿಮಿಷ ಬಿಟ್ಟು ಇನ್ನೊಮ್ಮೆ ನೋಡಿ.

ಬೆಳಿಗ್ಗೆ ಮಾತ್ರೆಗೂ ತಿಂಡಿಗೂ ಮೊದಲು, ರಾತ್ರಿ ಊಟಕ್ಕೆ ಮೊದಲು, ಹೀಗೆ ಏಳು ದಿನ. ಕಾಫಿ, ಬೀಡಿ ಆದ ಮೇಲೆ ಅರ್ಧ ಗಂಟೆ ಬೇಡ. ಕುಕ್ಕರಹಳ್ಳಿ ಕೆರೆಗೆ ವಾಕಿಂಗ್ ಹೋಗುವವರು ಹೊರಡುವ ಮುಂಚೆಯೇ ನೋಡಿಕೊಳ್ಳಿ. ನಡೆದ ನಂತರ ಕೆಲವು ಗಂಟೆ ಬಿಪಿ ತುಸು ಇಳಿದಿರುತ್ತದೆ, ಅದನ್ನೇ ಹಿಡಿದು ಮಾತ್ರೆ ಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ದಿನದ ಅಂಕಿ ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಅದು 135/85 ಮುಟ್ಟಿದರೆ ಡಾಕ್ಟರಿಗೆ ತೋರಿಸಬೇಕು.

ದೊಡ್ಡ ಕೊರತೆ ಎಂದರೆ ಮಷಿನ್ನಿಗೆ ಕೊನೆಯ ಒಂದೇ ಅಂಕಿ ನೆನಪಿರುವುದು. ಗೋಡೆಯ ಕ್ಯಾಲೆಂಡರಿನ ಆಯಾ ದಿನದ ಚೌಕದಲ್ಲೇ ಬರೆದಿಡಿ, ಪಕ್ಕದಲ್ಲಿ ಊಟದ ಗುರುತೂ ಇರಲಿ. ಮಂಡ್ಯ ಕಡೆಯ ಊಟದಲ್ಲಿ ಮುದ್ದೆಯ ತಪ್ಪಿಲ್ಲ, ಉಪ್ಪು ಕೂತಿರುವುದು ಉಪ್ಸಾರಿನ ಖಾರ, ಉಪ್ಪಿನಕಾಯಿ, ಹಪ್ಪಳದಲ್ಲಿ. ದಿನಕ್ಕೆ ಎಲ್ಲ ಸೇರಿ 5 ಗ್ರಾಂ, ಅಂದರೆ ಒಂದು ಟೀ ಚಮಚ ಮೀರಬಾರದು. ಖಾರ ಅರೆಯುವಾಗಲೇ ಉಪ್ಪು ಅರ್ಧ ಮಾಡಿ, ಬೆಳ್ಳುಳ್ಳಿ, ಹುಣಸೆ ಹೆಚ್ಚಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಕೆಲವು ವಾರದಲ್ಲಿ ಕ್ಯಾಲೆಂಡರಿನ ಅಂಕಿಯಲ್ಲಿ ವ್ಯತ್ಯಾಸ ಕಾಣಬಹುದು. ಸೋಡಿಯಂ ಕಡಿಮೆಯ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇರುವವರು, ಬಿಪಿ ಮಾತ್ರೆ ನುಂಗುವವರು ಕೇಳದೆ ಬಳಸಬಾರದು.

ಎದ್ದಾಗ ತಲೆ ಸುತ್ತುವ ಅಜ್ಜ ಅಜ್ಜಿಯರಿಗೆ ಇನ್ನೊಂದು ಪರೀಕ್ಷೆ ಬೇಕೇ ಬೇಕು. ಕೂತಾಗ ಒಮ್ಮೆ ನೋಡಿ, ಎದ್ದು ನಿಂತ 1 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ನೋಡಿ. ಆಗಲೂ ತೋಳಿಗೆ ಎದೆಮಟ್ಟದಲ್ಲಿ ಆಸರೆ ಕೊಡಿ, ಒಬ್ಬರು ಪಕ್ಕದಲ್ಲೇ ನಿಂತಿರಲಿ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಬಚ್ಚಲಲ್ಲಿ ಬಿದ್ದು ಸೊಂಟ ಮುರಿಯುವ ಅಪಾಯವಿದೆ. ಮಾತ್ರೆಯ ಪ್ರಮಾಣವನ್ನು ಡಾಕ್ಟರು ಮತ್ತೆ ನೋಡಬೇಕಾಗುತ್ತದೆ.

ನಾಡಿ ತಾಳತಪ್ಪಿ ಬಡಿಯುವವರಲ್ಲಿ ಅಂಕಿ ಪ್ರತಿ ಸಲ ಬೇರೆ ಬರಬಹುದು, ಮೂರು ಸಲ ನೋಡಿ ಸರಾಸರಿ ಹಿಡಿಯಿರಿ. ಹಳೇ ಸೆಲ್ಲಿನ ಜೊತೆ ಹೊಸದು ಸೇರಿಸಬೇಡಿ. ಪಟ್ಟಿ ಉಬ್ಬುವಾಗ ಚರಚರ ಬಿಚ್ಚಿಕೊಂಡರೆ ಅಂಟು ಸವೆದಿದೆ ಎಂದರ್ಥ, ಬದಲಿಸಬೇಕು. ವರ್ಷಕ್ಕೊಮ್ಮೆ ಡಾಕ್ಟರ ಬಳಿಗೇ ಒಯ್ದು ಅವರ ಮಷಿನ್ ಜೊತೆ ತಾಳೆ ನೋಡಿ.

180/120 ದಾಟಿದೆ, ಬೇರೆ ತೊಂದರೆ ಇಲ್ಲ ಎಂದರೆ ಐದು ನಿಮಿಷ ಕೂತು ಮತ್ತೆ ನೋಡಿ. ಹಾಗೇ ಇದ್ದರೆ ತಡಮಾಡದೆ ಡಾಕ್ಟರಿಗೆ ಫೋನ್ ಮಾಡಿ. ಎದೆ ಹಿಂಡುತ್ತಿದೆ, ಉಸಿರು ಕಟ್ಟುತ್ತಿದೆ, ಬಾಯಿ ಸೊಟ್ಟಗಾಗಿದೆ ಎಂದರೆ ಮಷಿನ್ 130 ತೋರಿಸಿದರೂ ಪಟ್ಟಿ ಬಿಚ್ಚಿ ಪಕ್ಕಕ್ಕಿಟ್ಟು 108ಕ್ಕೆ ಕರೆ ಮಾಡಿ.