ಬ್ರಾಡ್‌ವೇಯಲ್ಲಿ ಒಂದೇ ಷೋ ನೋಡುವುದಾದರೆ ಹೊಸದಾ, ಹಳೆಯದಾ?

ಕಾಫಿ ಕೊಯ್ಲು ಮುಗಿಸಿ ನ್ಯೂಯಾರ್ಕ್‌ನ ಮಕ್ಕಳ ಮನೆಗೆ ಹೊರಡುವವರು ಮಡಿಕೇರಿ, ವಿರಾಜಪೇಟೆ ಕಡೆಯಲ್ಲೂ ಇದ್ದಾರೆ. ಅವರಿಗೆ ನನ್ನ ಮಾತು ಇಷ್ಟೇ: ಅಲ್ಲಿನ ದೊಡ್ಡ ನಾಟಕಮಂದಿರಗಳಿರುವ ಬ್ರಾಡ್‌ವೇಯಲ್ಲಿ ಹೊಸ ಅದ್ದೂರಿ ಸಂಗೀತ ನಾಟಕವನ್ನೇ ಮೊದಲು ನೋಡಿ, ಅದು ಬೇಗ ಮುಚ್ಚಿಹೋಗಬಹುದು.

ಬಜೆಟ್ ದೊಡ್ಡದಾದರೆ ವರ್ಷಗಟ್ಟಲೆ ಓಡುತ್ತದೆ ಅಂದುಕೊಳ್ಳುತ್ತೇವೆ, ಅಲ್ವಾ? ಹಾಗೇನಿಲ್ಲ. ಸ್ಪೈಡರ್‌ಮ್ಯಾನ್ ಷೋಗೆ ಸುಮಾರು 7.5 ಕೋಟಿ ಡಾಲರ್ ಸುರಿದರು. 2011ರ ಜೂನ್‌ನಲ್ಲಿ ಅಧಿಕೃತವಾಗಿ ಶುರುವಾಗಿ 2014ರ ಜನವರಿಯಲ್ಲಿ ಬಂದ್. ಜನ ಬರುತ್ತಿದ್ದರು, ಆದರೆ ನಟರನ್ನು ಪ್ರೇಕ್ಷಕರ ತಲೆಯ ಮೇಲೆ ಹಾರಿಸುವ ಯಂತ್ರಗಳು, ಬಾಡಿಗೆ, ವಾದ್ಯದವರ ಸಂಬಳ ಎಲ್ಲ ಸೇರಿ ವಾರಕ್ಕೆ 10 ಲಕ್ಷ ಡಾಲರ್‌ಗೂ ಮೀರಿದ ಖರ್ಚು, ಹಾಗಾಗಿ ಹಾಕಿದ ದುಡ್ಡು ವಾಪಸ್ ಬರಲೇ ಇಲ್ಲ. ಹಾಕಿದ ಬಂಡವಾಳಕ್ಕಿಂತ ಪ್ರತಿ ವಾರದ ಖರ್ಚೇ ಷೋದ ಆಯಸ್ಸು ನಿರ್ಧರಿಸುತ್ತದೆ.

ಲಯನ್ ಕಿಂಗ್ 1997ರಿಂದ ನಡೆಯುತ್ತಲೇ ಇದೆ. ಮುಂದಿನ ಪ್ರವಾಸಕ್ಕೂ ಬಹುಶಃ ಸಿಗುತ್ತದೆ. ಜೊತೆಗೆ ಚಿಕ್ಕ ಮಕ್ಕಳೋ ಇಂಗ್ಲಿಷ್ ಅಷ್ಟಾಗಿ ಬಾರದ ಅಜ್ಜಿಯೋ ಇದ್ದರೆ ಮಾತ್ರ ಇದನ್ನೇ ಆರಿಸಿ, ಪ್ರಾಣಿಗಳ ಮುಖವಾಡ, ಬೊಂಬೆಗಳೇ ಕಥೆ ಹೇಳುತ್ತವೆ.

ಹಳೆಯದಕ್ಕೂ ಗ್ಯಾರಂಟಿ ಇಲ್ಲ ಅನ್ನಿ. ಫ್ಯಾಂಟಮ್ ಆಫ್ ದಿ ಒಪೆರಾ 1988ರಿಂದ 13,981 ಪ್ರದರ್ಶನ ಕಂಡು 2023ರ ಏಪ್ರಿಲ್‌ನಲ್ಲಿ ನಿಂತಿತು. ಮುಚ್ಚುತ್ತೇವೆ ಅಂದ ಕೂಡಲೇ ಟಿಕೆಟ್‌ಗೆ ಜನ ಮುಗಿಬಿದ್ದರು, ಫೆಬ್ರವರಿಗೆ ನಿಗದಿಯಾಗಿದ್ದ ಕೊನೆಯ ಪ್ರದರ್ಶನವನ್ನು ಏಪ್ರಿಲ್‌ಗೆ ತಳ್ಳಬೇಕಾಯಿತು. ಲಂಡನ್‌ಗೆ ಹೋಗುವವರಿಗೆ ಚಿಂತೆ ಇಲ್ಲ, ಅಲ್ಲಿ 1986ರಲ್ಲಿ ಶುರುವಾದ ಅದೇ ನಾಟಕ ಕೋವಿಡ್ ಬಿಡುವಿನ ನಂತರ 2021ರಲ್ಲಿ ಮತ್ತೆ ತೆರೆಯಿತು.