25 ಡಾಲರಿನ ಬಾತುಕೋಳಿ ಚೀಟಿ: ಬೇಟೆಯಾಡದವನು ಬರೆದ ವಿಮರ್ಶೆ

ಅಮೆರಿಕದಲ್ಲಿ ಬಾತು, ಹೆಬ್ಬಾತುಗಳ ಬೇಟೆಗೆ ಹೋಗುವ, 16 ವರ್ಷ ತುಂಬಿದ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ ಕೊಳ್ಳಲೇಬೇಕಾದ ಚೀಟಿಯೊಂದಿದೆ. ಜನ ಅದನ್ನು ಡಕ್ ಸ್ಟಾಂಪ್ ಎನ್ನುತ್ತಾರೆ. ಬಂದೂಕನ್ನು ಕೈಯಿಂದಲೂ ಮುಟ್ಟಿರದ, ಮನೆಯಲ್ಲಿ ಮೊಟ್ಟೆಯನ್ನೂ ಬೇಯಿಸದ ನಾನು ನ್ಯೂಜೆರ್ಸಿಗೆ ಬಂದ ಮೇಲೆ ಅದನ್ನು ನಾಲ್ಕು ಬಾರಿ ಕೊಂಡಿದ್ದೇನೆ. ಬೆಲೆ 25 ಡಾಲರ್. ದಸರೆ ಮುಗಿದು ದೀಪಾವಳಿ ಹತ್ತಿರವಾಗುವ ವಾರಗಳಲ್ಲಿ ಇಲ್ಲಿನ ಕಡಲಂಚಿನ ಜೌಗಿಗೆ ಉತ್ತರದ ಹಕ್ಕಿಗಳು ಇಳಿಯತೊಡಗುತ್ತವೆ. ದುರ್ಬೀನು ಹಿಡಿದು ಹೊರಡುವ ಕನ್ನಡಿಗ ಗೆಳೆಯರು ಈ ಚೀಟಿ ತಮಗೂ ಬೇಕೇ ಎಂದು ಆಗಾಗ ಕೇಳುವುದರಿಂದ ಇದನ್ನು ಬರೆಯುತ್ತಿದ್ದೇನೆ.

ಮೊದಲು ವಸ್ತುವಿನ ಮಾತು. ಸಾಮಾನ್ಯ ಅಂಚೆಚೀಟಿಗಿಂತ ದೊಡ್ಡದಾದ ಈ ಚೀಟಿ ಎರಡು ಬಗೆಯಲ್ಲಿ ಸಿಗುತ್ತದೆ. ಒಂದು ಹಳೆಯ ಕಾಲದಂತೆ ಹಿಂಬದಿಯಲ್ಲಿ ಗೋಂದು ಸವರಿದ್ದು. ಇನ್ನೊಂದು ಡಾಲರ್ ನೋಟಿನ ಅಳತೆಯ ಕಾಗದದ ಮೇಲೆ ಅಂಟಿಕೊಂಡೇ ಬರುವಂಥದ್ದು. ಪರ್ಸಿನಲ್ಲಿ ಇಟ್ಟುಕೊಳ್ಳುವವರಿಗೆ ಎರಡನೆಯದೇ ಅನುಕೂಲ. 2025-26ರ ಚೀಟಿಯಲ್ಲಿ ಆಡಮ್ ಗ್ರಿಮ್ ಚಿತ್ರಿಸಿದ ಸ್ಪೆಕ್ಟಕಲ್ಡ್ ಐಡರ್ ಇದೆ. ಕಣ್ಣಿನ ಸುತ್ತ ಬಿಳಿಯ ಕನ್ನಡಕ ತೊಟ್ಟಂತೆ ಕಾಣುವ ಈ ಬಾತು ಅಲಾಸ್ಕ ಮತ್ತು ಸೈಬೀರಿಯಾದ ಕಡಲತೀರದ್ದು; ನಮ್ಮ ಕಡೆ ಅದನ್ನು ಕಾಣುವ ಆಸೆ ಇಟ್ಟುಕೊಳ್ಳಬಾರದು. ಪ್ರತಿವರ್ಷದ ಚಿತ್ರವನ್ನು ಆರಿಸುವುದು ಮುಕ್ತ ಸ್ಪರ್ಧೆಯಿಂದ. 1949ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ ಗೆದ್ದವರಿಗೆ ಸರ್ಕಾರ ನಗದು ಬಹುಮಾನ ಕೊಡುವುದಿಲ್ಲ, ಅವರದೇ ಚಿತ್ರವಿರುವ ಚೀಟಿಗಳ ಒಂದು ಹಾಳೆಯನ್ನು ಕೊಡುತ್ತದೆ. ಮುದ್ರಿತ ಪ್ರತಿಗಳನ್ನು ಮಾರಿ ಅವರು ಗಳಿಸಿಕೊಳ್ಳುತ್ತಾರೆ. 2020ರಲ್ಲಿ ಚಿತ್ರದೊಳಗೆ ಬೇಟೆಯ ಕುರುಹೊಂದು ಇರಲೇಬೇಕೆಂಬ ನಿಯಮ ತಂದಿದ್ದರು, ಮರುವರ್ಷವೇ ಅದನ್ನು ಕೈಬಿಟ್ಟರು. ಒಳ್ಳೆಯದೇ ಆಯಿತು. ಹಕ್ಕಿಯ ರೆಕ್ಕೆಯ ಬಣ್ಣವನ್ನು ಅಷ್ಟು ಶ್ರದ್ಧೆಯಿಂದ ಬರೆದ ಮೇಲೆ ಪಕ್ಕದಲ್ಲಿ ಬೇಟೆಯ ಸಾಮಾನನ್ನೂ ತೇಲಿಬಿಡು ಎಂದು ಕಲಾವಿದನಿಗೆ ಹೇಳುವುದು ನನಗೆ ಅಭಿರುಚಿಯಿಲ್ಲದ ಮಾತಾಗಿ ಕಂಡಿತ್ತು.

ಆದರೆ ಯಾರೂ ಈ ಚೀಟಿಯನ್ನು ಚಿತ್ರಕ್ಕಾಗಿಯೇ ಕೊಳ್ಳುವುದಿಲ್ಲ, ಸಂಗ್ರಾಹಕರನ್ನು ಬಿಟ್ಟರೆ. ಇದರ ನಿಜವಾದ ಬೆಲೆ ಇರುವುದು ಹಣ ಹೋಗುವ ದಾರಿಯಲ್ಲಿ. 1930ರ ದಶಕದ ಬರಗಾಲದಲ್ಲಿ ಅಮೆರಿಕದ ನಡುನಾಡಿನ ಹೊಂಡ, ಜೌಗುಗಳು ಬತ್ತಿ, ಉಳಿದವನ್ನು ಬೇಸಾಯಕ್ಕಾಗಿ ಬಸಿದು ಹಾಕಿ, ಬಾತುಗಳ ಸಂಖ್ಯೆ ಕುಸಿದಿತ್ತು. 1934ರ ಮಾರ್ಚಿನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಸಹಿ ಮಾಡಿದ ಕಾಯ್ದೆಯು ಬೇಟೆಗಾರರಿಂದಲೇ ಹಣ ಕೂಡಿಸಿ ಆ ನೀರಿನ ನೆಲವನ್ನು ಕೊಳ್ಳುವ ವ್ಯವಸ್ಥೆ ಮಾಡಿತು. ಮೊದಲ ಚೀಟಿಯ ಬೆಲೆ 1 ಡಾಲರ್. ಅದರ ಮೇಲೆ ನೀರಿಗಿಳಿಯುವ ಮಲ್ಲಾರ್ಡ್ ಬಾತುಗಳನ್ನು ಬರೆದವರು ಪತ್ರಿಕಾ ವ್ಯಂಗ್ಯಚಿತ್ರಕಾರರೂ ಆಗ ಸರ್ಕಾರದ ಜೈವಿಕ ಸಮೀಕ್ಷೆ ಇಲಾಖೆಯ ಮುಖ್ಯಸ್ಥರೂ ಆಗಿದ್ದ ಜೆ. ಎನ್. ‘ಡಿಂಗ್’ ಡಾರ್ಲಿಂಗ್. ಇಲ್ಲಿನ ವನ್ಯಜೀವಿ ಧಾಮಗಳ ಫಲಕದ ಮೇಲೆ ಹಾರುವ ನೀಲಿ ಹೆಬ್ಬಾತು ಕೂಡ ಅವರ ಕೈಯದೇ. ಇಂದು ಪ್ರತಿ ಡಾಲರಿನಲ್ಲಿ 98 ಸೆಂಟು ನೇರವಾಗಿ ಜೌಗುನೆಲವನ್ನು ಕೊಳ್ಳಲು ಅಥವಾ ಒಪ್ಪಂದದ ಮೂಲಕ ಕಾಪಾಡಲು ಹೋಗುತ್ತದೆ. ಹೀಗೆ ಉಳಿದ ನೆಲ 60 ಲಕ್ಷ ಎಕರೆಯನ್ನು ದಾಟಿದೆ. ದತ್ತಿ ಸಂಸ್ಥೆಗಳಿಗೆ ಹಣ ಕೊಟ್ಟು ಅದರಲ್ಲಿ ಎಷ್ಟು ಆಫೀಸಿನ ಬಾಡಿಗೆಗೆ ಹೋಯಿತೋ ಎಂದು ಅನುಮಾನಿಸುತ್ತ ಕೂರುವವರಿಗೆ ಇಷ್ಟು ನೇರವಾದ ಲೆಕ್ಕ ಬೇರೆಡೆ ಸಿಗುವುದು ಕಷ್ಟ.

ಬೇಟೆಯಾಡದವರಿಗೆ ಕೈಗೆ ಸಿಗುವ ಪ್ರಯೋಜನವೂ ಒಂದಿದೆ. ಪ್ರವೇಶ ಶುಲ್ಕವಿರುವ ರಾಷ್ಟ್ರೀಯ ವನ್ಯಜೀವಿ ಧಾಮಗಳಿಗೆ ಚಾಲ್ತಿಯಲ್ಲಿರುವ ಚೀಟಿಯೇ ವರ್ಷಪೂರ್ತಿ ಪಾಸು. ನಾನು ಅದನ್ನು ಹೆಚ್ಚು ಬಳಸುವುದು ಅಟ್ಲಾಂಟಿಕ್ ಸಿಟಿಯ ಉತ್ತರಕ್ಕಿರುವ ಎಡ್ವಿನ್ ಬಿ. ಫೋರ್ಸೈತ್ ಧಾಮದಲ್ಲಿ. 1939ರ ಬ್ರಿಗಂಟೀನ್ ಧಾಮವನ್ನೂ 1967ರ ಬಾರ್ನಗಟ್ ಧಾಮವನ್ನೂ 1984ರಲ್ಲಿ ಕೂಡಿಸಿ ಮಾಡಿದ ಜಾಗ ಇದು. ಎಂಟು ಮೈಲಿಯ ಏರಿಯ ಮೇಲೆ ಕಾರು ನಿಧಾನವಾಗಿ ಸಾಗುತ್ತದೆ. ಒಂದು ಕಡೆ ಕಟ್ಟೆ ಹಾಕಿ ನಿಲ್ಲಿಸಿದ ನೀರು, ಇನ್ನೊಂದು ಕಡೆ ಭರತ ಇಳಿತಕ್ಕೆ ಬಯಲಾಗುವ ಉಪ್ಪುಜೌಗು, ಅದರಾಚೆ ಕೊಲ್ಲಿಯ ಮೇಲೆ ಜೂಜುಮನೆಗಳ ಗೋಪುರಗಳು. ನವೆಂಬರಿನಲ್ಲಿ ಹುಲ್ಲೆಲ್ಲ ಕಂದಿ ಬೆಲ್ಲದ ಬಣ್ಣಕ್ಕೆ ತಿರುಗಿದಾಗ ಹಿಮ ಹೆಬ್ಬಾತುಗಳು ಬಂದು ಕೂರುತ್ತವೆ; ಹದ್ದೊಂದು ಮೇಲೆ ಸುಳಿದರೆ ಇಡೀ ಹಿಂಡು ಒಮ್ಮೆಲೇ ಎದ್ದು, ಒಗೆದ ಬಟ್ಟೆಯನ್ನು ಕೊಡವಿದಂತೆ ಬೆಳ್ಳಗೆ ಬಿಚ್ಚಿಕೊಂಡು, ಮತ್ತೆ ಅಲ್ಲೇ ಇಳಿಯುತ್ತದೆ. ಕಪ್ಪು ಕತ್ತಿನ ಪುಟ್ಟ ಬ್ರ್ಯಾಂಟ್ ಹೆಬ್ಬಾತುಗಳು ಕೊಲ್ಲಿಯ ಕಡೆ ಗೊಣಗುತ್ತಿರುತ್ತವೆ. ಈ ಒಂದು ಜಾಗಕ್ಕೆ ವರ್ಷದಲ್ಲಿ ಏಳೆಂಟು ಸಲ ಹೋಗುವವರಿಗೆ ಚೀಟಿಯ ಬೆಲೆ ಬಹುಮಟ್ಟಿಗೆ ವಾಪಸಾಗುತ್ತದೆ.

ಇದೇ ಧಾಮದ ಗೊತ್ತುಪಡಿಸಿದ ಭಾಗಗಳಲ್ಲಿ ಬೇಟೆಗೂ ಅನುಮತಿಯಿದೆ. ಗಾಳಿ ಈ ಕಡೆಗಿದ್ದ ಒಂದು ಬೆಳಿಗ್ಗೆ ದೂರದ ಗುಂಡಿನ ಸದ್ದು ಕೇಳಿ ನಾನು ಹಿಡಿದಿದ್ದ ದುರ್ಬೀನು ತಾನಾಗಿ ಕೆಳಗಿಳಿಯಿತು. ನನ್ನ ಪರ್ಸಿನಲ್ಲಿದ್ದ ಚೀಟಿಯೂ ಆ ಬಂದೂಕಿನವನ ಜೇಬಿನಲ್ಲಿದ್ದ ಚೀಟಿಯೂ ಒಂದೇ. ಈ ವಿಷಯ ಹೇಳಿದಾಗ ಮೈಸೂರಿನ ನಮ್ಮ ಸೋದರಮಾವ ಫೋನಿನಲ್ಲಿ, “ಏನಯ್ಯಾ, ಕೊಲ್ಲೋಕೂ ಅದೇ ಚೀಟಿ, ಕಾಯೋಕೂ ಅದೇ ಚೀಟೀನಾ?” ಎಂದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿ ಬೆಳೆದ ನಮಗೆ, ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತುಗಳನ್ನು ಊರಿನ ಅತಿಥಿಗಳೆಂದೇ ಕಂಡ ನಮಗೆ, ಈ ಪ್ರಶ್ನೆ ಸಹಜವಾದದ್ದು. ನನಗೆ ಅದಕ್ಕೆ ಚೊಕ್ಕ ಉತ್ತರ ಹೊಳೆದಿಲ್ಲ. ದಿನಕ್ಕೆ ಇಷ್ಟೇ ಹಕ್ಕಿ ಎಂಬ ಮಿತಿಯಿದೆ, 1991ರಿಂದ ದೇಶದಾದ್ಯಂತ ಜಲಪಕ್ಷಿ ಬೇಟೆಯಲ್ಲಿ ಸೀಸದ ಗುಂಡಿಗೆ ನಿಷೇಧವಿದೆ, ಮತ್ತು ಗುಂಡಿಗೆ ಸಿಕ್ಕ ಹಕ್ಕಿಗಿಂತ ನೆಲ ಕಳೆದುಕೊಂಡ ಹಕ್ಕಿಗೆ ಮರಳುವ ದಾರಿ ಕಡಿಮೆ ಎಂಬುದು ನನಗೆ ಒಪ್ಪಿಗೆಯಾಗಿದೆ. ಆ ನೆಲಕ್ಕೆ ಹೆಚ್ಚು ಹಣ ಕೊಟ್ಟವರು ಬೇಟೆಗಾರರೇ ಎಂಬುದನ್ನು ಅಲ್ಲಗಳೆಯುವುದು ಅಪ್ರಾಮಾಣಿಕತೆಯಾದೀತು.

ದೋಷಗಳಿಗೆ ಬರುತ್ತೇನೆ. ಬಹಳ ದೊಡ್ಡ ದೋಷವೆಂದರೆ ಚೀಟಿ ಕೊಂಡವರು ಬೇಟೆಗಾರರೋ ಪಕ್ಷಿವೀಕ್ಷಕರೋ ಎಂಬುದನ್ನು ಯಾರೂ ಬರೆದಿಟ್ಟುಕೊಳ್ಳದಿರುವುದು. 1970ರ ದಶಕದ ಆರಂಭದಲ್ಲಿ ವರ್ಷಕ್ಕೆ 20 ಲಕ್ಷಕ್ಕೂ ಹೆಚ್ಚು ಮಾರಾಟವಾಗುತ್ತಿದ್ದ ಚೀಟಿ ಈಚೆಗೆ 15 ಲಕ್ಷದ ಆಸುಪಾಸಿಗೆ ಇಳಿದಿದೆ. ಬೇಟೆಗಾರರು ಕಡಿಮೆಯಾಗುತ್ತಿರುವಾಗ ದುರ್ಬೀನಿನವರನ್ನು ಕರೆಯುವ ಒಂದು ಸಾಲೂ ಚೀಟಿಯ ಮೇಲಿಲ್ಲ. 1976ರಲ್ಲೇ ಇದರ ಅಧಿಕೃತ ಹೆಸರಿಗೆ ‘ಸಂರಕ್ಷಣೆ’ ಎಂಬ ಪದ ಸೇರಿಸಿದರೂ ಅಂಗಡಿಗಳಲ್ಲಿ ಅದು ತಲುಪಿದಂತಿಲ್ಲ. ನಾನು ಮೊದಲ ಬಾರಿ ಹೋದ ಅಂಗಡಿಯಲ್ಲಿ ನಿನ್ನ ಬೇಟೆ ಲೈಸೆನ್ಸ್ ಎಲ್ಲಿ ಎಂದು ಕೇಳಿ, ಇಲ್ಲವೆಂದಾಗ ಹಾಗಾದರೆ ನಿನಗೆ ಇದೇಕೆ ಎಂದು ಹಿಂದಕ್ಕೆ ಕಳಿಸಿದರು. ಚೀಟಿ ಕೊಳ್ಳಲು ಯಾವ ಲೈಸೆನ್ಸೂ ಬೇಡ. ವಾದಿಸುವಷ್ಟು ಆಗ ನನಗೇ ತಿಳಿದಿರಲಿಲ್ಲ.

ಆನ್‌ಲೈನಿನಲ್ಲಿ ಕೊಳ್ಳುವವರು ಒಂದು ಮಾತು ಗಮನಿಸಬೇಕು. 2023ರ ತಿದ್ದುಪಡಿಯ ನಂತರ ಇ-ಚೀಟಿ ಇಡೀ ಅವಧಿಗೆ ಸಲ್ಲುತ್ತದೆ, ಆದರೆ ಕಾಗದದ ಚೀಟಿ ಮನೆಗೆ ಬರುವುದು ಬೇಟೆಯ ಕಾಲ ಮುಗಿದು ಮಾರ್ಚ್ 10 ಕಳೆದ ಮೇಲೆ. 25 ಡಾಲರಿನ ಮೇಲೆ ಸೇವಾ ಶುಲ್ಕವೂ ಬೀಳಬಹುದು. ಚಿತ್ರ ಕೈಯಲ್ಲಿರಬೇಕೆನ್ನುವವರು ಅಂಚೆ ಕಚೇರಿಯಲ್ಲೋ ಧಾಮದ ಕಚೇರಿಯಲ್ಲೋ ಕೊಳ್ಳುವುದು ಲೇಸು. ಅವಧಿ ಜುಲೈ 1ರಿಂದ ಜೂನ್ 30ರವರೆಗೆ. ನನ್ನಂತೆ ಅಕ್ಟೋಬರಿನಲ್ಲಿ ಕೊಂಡರೆ ಮೂರು ತಿಂಗಳು ಸುಮ್ಮನೆ ಹೋಗುತ್ತದೆ. ರಾಷ್ಟ್ರೀಯ ಉದ್ಯಾನಗಳ ಬಾಗಿಲಲ್ಲಿ ಇದು ನಡೆಯುವುದಿಲ್ಲ ಎಂಬುದನ್ನೂ ಮರೆಯಬಾರದು. ಇಷ್ಟರ ಮೇಲೂ ಐದರಲ್ಲಿ ನಾಲ್ಕೂವರೆ ಕೊಡುತ್ತೇನೆ.

ಹಳೆಯ ಆಲ್ಬಮ್ಮುಗಳನ್ನು ಇನ್ನೂ ಜೋಪಾನ ಮಾಡಿರುವ ಸೋದರಮಾವ, ಅಷ್ಟೆಲ್ಲ ಕೇಳಿದ ಮೇಲೆ, ತಮಗೊಂದು ಕಳಿಸು ಎಂದರು. ಈ ವರ್ಷ ಎರಡು ಕೊಂಡು ಒಂದನ್ನು ಮೈಸೂರಿಗೆ ಕಳಿಸಿದೆ. ಸ್ಟಾಂಪ್ ಎಂಬ ಹೆಸರಿದ್ದರೂ ಅಂಚೆಗೆ ಇದು ಸಲ್ಲುವುದಿಲ್ಲವಾದ್ದರಿಂದ ಲಕೋಟೆಯ ಮೇಲೆ ಬೇರೆ ಚೀಟಿಗಳನ್ನು ಅಂಟಿಸಬೇಕಾಯಿತು.