ಚುನಾವಣಾ ತಕರಾರು ಅರ್ಜಿ ಟೈಪ್ ಮಾಡಿಕೊಡುವ ಫೋರ್ಟ್‌ನ ಕಚೇರಿ: ನಕಲು ಕೆಲಸ ಚೊಕ್ಕ, ಸಲಹೆ ಸಾಲದು

ಮುಂಬಯಿ ಹೈಕೋರ್ಟಿಗೆ ನಡೆದು ಹೋಗುವಷ್ಟು ಹತ್ತಿರವಿರುವ ಈ ಡ್ರಾಫ್ಟಿಂಗ್ ಕಚೇರಿಯಲ್ಲಿ ಕನ್ನಡದಲ್ಲೇ ವಿಷಯ ಹೇಳಿ ಕಾಗದಪತ್ರ ಸಿದ್ಧಪಡಿಸಿಕೊಳ್ಳಬಹುದು. ದರ ಪುಟದ ಲೆಕ್ಕದಲ್ಲಿ.

ಮೊದಲು ಮೆಚ್ಚಿದ್ದು. ಟೈಪಿಂಗ್‌ಗೆ ಕೂರುವ ಮುನ್ನವೇ ಇವರು ಕೇಳುವ ಪ್ರಶ್ನೆ: ಗೆದ್ದವರ ಆಯ್ಕೆ ರದ್ದಾದರೆ ಸಾಕೋ, ನಿಮ್ಮನ್ನೇ ಗೆದ್ದವರೆಂದು ಘೋಷಿಸಬೇಕೋ? ಎರಡನೆಯದಾದರೆ 1951ರ ಪ್ರಜಾಪ್ರತಿನಿಧಿ ಕಾಯ್ದೆಯ 82ನೇ ಕಲಮಿನಂತೆ ಕಣದಲ್ಲಿದ್ದ ಉಳಿದ ಎಲ್ಲ ಅಭ್ಯರ್ಥಿಗಳೂ ಪ್ರತಿವಾದಿಗಳಾಗಬೇಕು. ಒಬ್ಬರ ಹೆಸರು ಬಿಟ್ಟರೂ 86ನೇ ಕಲಮಿನಡಿ ಅರ್ಜಿ ವಜಾ. ಎಷ್ಟು ಪ್ರತಿವಾದಿಗಳೋ ಅಷ್ಟು ನಕಲು. ಪ್ರತಿಯೊಂದರ ಮೇಲೂ ‘ನಿಜಪ್ರತಿ’ ಎಂದು ಅರ್ಜಿದಾರರೇ ಸಹಿ ಹಾಕಬೇಕು. ಎಷ್ಟೋ ಕಡೆ ವಕೀಲರ ಸಹಿ ಹಾಕಿಸಿ ಕೈತೊಳೆದುಕೊಳ್ಳುತ್ತಾರೆ. ಇಲ್ಲಿ ಸಹಿಯ ಜಾಗಕ್ಕೆಲ್ಲ ಹಳದಿ ಚೀಟಿ ಅಂಟಿಸಿ, ಅನುಬಂಧಗಳನ್ನೂ ಬಿಡದೆ, ಪುಟಪುಟವಾಗಿ ಸಹಿ ಹಾಕಿಸಿಕೊಳ್ಳುತ್ತಾರೆ. 117ನೇ ಕಲಮಿನ 2,000 ರೂಪಾಯಿ ಠೇವಣಿಯನ್ನೂ ತಾವಾಗಿಯೇ ನೆನಪಿಸುತ್ತಾರೆ. ಭ್ರಷ್ಟಾಚರಣೆಯ (ಮತಕ್ಕೆ ಹಣ ಹಂಚುವಂಥದ್ದರ) ಆರೋಪವಿದ್ದರೆ ಬೇಕಾದ ಫಾರಂ 25ರ ಅಫಿಡವಿಟ್ಟಿನಲ್ಲಿ ಚಿಕ್ಕಪುಟ್ಟ ಲೋಪವಿದ್ದರೆ ಸರಿಪಡಿಸಿಕೊಳ್ಳಬಹುದು, ದಾವಣಗೆರೆಯ ಜಿ.ಎಂ. ಸಿದ್ದೇಶ್ವರ ಪ್ರಕರಣದಲ್ಲಿ 2013ರಲ್ಲಿ ಸುಪ್ರೀಂ ಕೋರ್ಟ್ ಹಾಗೆಂದಿದೆ. ಅರ್ಜಿ ಸಲ್ಲಿಕೆ, ನಕಲುಗಳ ನಿಯಮವಿರುವ 81ನೇ ಕಲಮು, ಮೇಲೆ ಹೇಳಿದ 82, 117, ಇವುಗಳಲ್ಲಿ ತಪ್ಪಿದರೆ ಆ ರಿಯಾಯಿತಿ ಇಲ್ಲ.

ಇನ್ನು ದೂರು. ಸಂವಿಧಾನದ 329(ಬಿ) ವಿಧಿಯ ಪ್ರಕಾರ ಲೋಕಸಭೆ, ವಿಧಾನಸಭೆ ಚುನಾವಣೆಯನ್ನು ಚುನಾವಣಾ ಅರ್ಜಿಯ ಹೊರತು ಬೇರೆ ದಾರಿಯಲ್ಲಿ ಪ್ರಶ್ನಿಸುವಂತಿಲ್ಲ. ನಾಮಪತ್ರ ತಿರಸ್ಕಾರಕ್ಕೂ ಇದೇ ನಿಯಮ ಎಂದು 1952ರ ಪೊನ್ನುಸ್ವಾಮಿ ತೀರ್ಪಿನಲ್ಲೇ ಇತ್ಯರ್ಥವಾಗಿದೆ. ಆದರೂ ಇಲ್ಲಿ ಕೇಳಿದವರಿಗೆಲ್ಲ ರಿಟ್ (ಸಂವಿಧಾನದಡಿ ಹೈಕೋರ್ಟಿಗೆ ನೇರವಾಗಿ ಹಾಕುವ ಅರ್ಜಿ) ಟೈಪ್ ಮಾಡಿಕೊಡುತ್ತಾರೆ. ಆ ರಿಟ್ ಹಿಡಿದು ಓಡಾಡುವಷ್ಟರಲ್ಲಿ ಫಲಿತಾಂಶ ಬಂದು, ಚುನಾವಣಾ ಅರ್ಜಿ ಸಲ್ಲಿಸಲು ಇರುವ 45 ದಿನದ ಗಡುವೂ ಕಳೆದುಹೋಗಬಹುದು. 2024ರ ನವೆಂಬರ್ 23ರಂದು ಘೋಷಣೆಯಾದ ಮಹಾರಾಷ್ಟ್ರ ವಿಧಾನಸಭೆ ಫಲಿತಾಂಶಕ್ಕೆ 45ನೇ ದಿನ 2025ರ ಜನವರಿ 7. ತಡವಾದುದಕ್ಕೆ ಕಾರಣ ಹೇಳಿ ಮಾಫಿ ಕೇಳುವ ಅವಕಾಶ ಈ ಕಾಯ್ದೆಯಲ್ಲಿಲ್ಲ.

ಇದಕ್ಕಿಂತ ಅಪಾಯಕಾರಿ ಎಂದರೆ ಗೋಡೆಯ ಮೇಲಿನ ದಿನಗಳ ಪಟ್ಟಿ. ಅದರಲ್ಲಿರುವುದು 45 ದಿನ ಮಾತ್ರ. ಪಾಲಿಕೆ ಚುನಾವಣೆಗೆ ಸಂವಿಧಾನದ 243 ಝಡ್‌ಜಿ ವಿಧಿ ಅನ್ವಯಿಸುತ್ತದೆ, ಅರ್ಜಿ ಹೋಗಬೇಕಾದ ಜಾಗವೂ ಬೇರೆ. ಮುಂಬಯಿ ಪಾಲಿಕೆಯ ವಾರ್ಡಾದರೆ 1888ರ ಮುಂಬಯಿ ಪಾಲಿಕೆ ಕಾಯ್ದೆಯಂತೆ ಧೋಬಿ ತಲಾವ್‌ನ ಸ್ಮಾಲ್ ಕಾಸಸ್ ಕೋರ್ಟಿನ ಮುಖ್ಯ ನ್ಯಾಯಾಧೀಶರ ಮುಂದೆ, ಹತ್ತೇ ದಿನದೊಳಗೆ. ಪುಣೆ ಪಾಲಿಕೆಗೆ 1949ರ ಮಹಾರಾಷ್ಟ್ರ ಮಹಾನಗರ ಪಾಲಿಕೆಗಳ ಕಾಯ್ದೆ; ಅಲ್ಲೂ ಹತ್ತೇ ದಿನ. ಈ ಪಟ್ಟಿ ನಂಬಿದ ವಾರ್ಡ್ ಅಭ್ಯರ್ಥಿ ಹನ್ನೊಂದನೇ ದಿನ ಬಂದರೆ ಯಾರೂ ಏನೂ ಮಾಡಲಾರರು. ಅದನ್ನು ಇವತ್ತೇ ತಿದ್ದಬೇಕು.

‘ನೀವು ಬರುವುದು ಬೇಡ, ನಾವೇ ಸಲ್ಲಿಸುತ್ತೇವೆ’ ಎಂದರೂ ಒಪ್ಪಬೇಡಿ. ಕರ್ನಾಟಕದ್ದೇ ಆದ ಜಿ.ವಿ. ಶ್ರೀರಾಮರೆಡ್ಡಿ ಪ್ರಕರಣದಲ್ಲಿ, 2009ರಲ್ಲಿ, ಅರ್ಜಿದಾರರೇ ಖುದ್ದಾಗಿ ಹಾಜರಿದ್ದು ಅರ್ಜಿ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದೆ.

ವಕೀಲರು ಕರಡು ನೋಡಿಕೊಟ್ಟ ವಿಧಾನಸಭೆ, ಲೋಕಸಭೆ ಅರ್ಜಿಯನ್ನು ನಕಲು ಮಾಡಿಸಿ ಜೋಡಿಸಲು ಇಲ್ಲಿಗೆ ಧೈರ್ಯವಾಗಿ ಹೋಗಿ. ವಾರ್ಡಿನ ತಕರಾರಾದರೆ ಫಲಿತಾಂಶದ ಮರುದಿನವೇ ಸ್ಮಾಲ್ ಕಾಸಸ್ ಕೋರ್ಟಿನ ವಕೀಲರನ್ನು ಕಾಣಿ.